ಕಬ್ಬಿಣ ಗಟ್ಟಿಯಿದ್ದರೆ ಸಾಲದು, ಬಗ್ಗಲೂ ಬೇಕು

ಎಲ್ಲೋ ಭೂಕಂಪ ಆಯಿತು ಅಂದರೆ ನಮ್ಮಲ್ಲಿ ಒಬ್ಬರಾದರೂ ಹೇಳುತ್ತಾರೆ, "ಗಟ್ಟಿ ಸ್ಟೀಲ್ ಹಾಕಿ ಕಟ್ಟಿದ್ದರೆ ಏನೂ ಆಗ್ತಿರಲಿಲ್ಲ" ಅಂತ. ಈ ಮಾತು ಅರ್ಧ ಸರಿ. ಉಳಿದರ್ಧ ಅಪಾಯಕಾರಿ. ಯಾಕೆ ಅನ್ನುವುದಕ್ಕೆ ಅಮೆರಿಕದ ನಾರ್ತ್‌ರಿಜ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

1994ರ ಜನವರಿ 17, ಬೆಳಗಿನ ಜಾವ ನಾಲ್ಕೂವರೆ. ಲಾಸ್ ಏಂಜಲೀಸ್ ನಗರದ ನಾರ್ತ್‌ರಿಜ್ ಬಡಾವಣೆಯ ಹತ್ತಿರ 6.7 ತೀವ್ರತೆಯ ಭೂಕಂಪ. ಕಾಂಕ್ರೀಟ್ ಕಟ್ಟಡ, ಮೇಲ್ಸೇತುವೆ ಹಲವು ಬಿದ್ದವು. ಬೀಮು ಕಂಬ ಎರಡನ್ನೂ ವೆಲ್ಡ್ ಮಾಡಿ ಬೆಸೆದ ಸ್ಟೀಲ್ ಕಟ್ಟಡಗಳಲ್ಲಿ ಒಂದೂ ಬೀಳಲಿಲ್ಲ. ಭೂಕಂಪಕ್ಕೆ ಇದಕ್ಕಿಂತ ಒಳ್ಳೆಯ ಪದ್ಧತಿ ಇಲ್ಲ ಅಂತ ಎಂಜಿನಿಯರ್‌ಗಳು ಮೊದಲೇ ನಂಬಿದ್ದರು. ಈಗ ಆ ನಂಬಿಕೆ ಇನ್ನೂ ಗಟ್ಟಿಯಾಯಿತು. ಆಮೇಲೆ ಕೆಲವು ಕಟ್ಟಡಗಳಲ್ಲಿ ಒಳಗಿನ ಹೊದಿಕೆ, ಬೆಂಕಿ ತಡೆಯುವ ಲೇಪ ಎಲ್ಲ ಕಿತ್ತು ನೋಡಿದರೆ ಬೀಮು ಕಂಬ ಸೇರುವ ಜಾಗದಲ್ಲೇ ಬಿರುಕು! ಕೆಲವು ಕಡೆ ಬಿರುಕು ವೆಲ್ಡಿಂಗ್ ದಾಟಿ ದಪ್ಪ ಕಂಬದ ಒಳಗೂ ಹೋಗಿತ್ತು. ಹುಡುಕುತ್ತಾ ಹೋದಂತೆ ನೂರಕ್ಕೂ ಹೆಚ್ಚು ಕಟ್ಟಡಗಳಲ್ಲಿ ಇದೇ ಕಥೆ. ಹೊರಗಿನಿಂದ ನೋಡಿದರೆ ಎಷ್ಟೋ ಕಟ್ಟಡಗಳಿಗೆ ಏನೂ ಆದಂತೆ ಕಾಣುತ್ತಿರಲಿಲ್ಲ.

ಸ್ಟೀಲಿನ ನಿಜವಾದ ಗುಣ ಅದರ ಶಕ್ತಿಯಲ್ಲ, ತಾಳ್ಮೆ. ಒಂದು ಮೀಟರ್ ಉದ್ದದ ಸಾಧಾರಣ ಉಕ್ಕಿನ ಪಟ್ಟಿಯನ್ನು ಎಳೆಯಿರಿ. ಸುಮಾರು ಒಂದೂಕಾಲು ಮಿಲಿಮೀಟರ್ ತನಕ ಎಳೆದು ಬಿಟ್ಟರೆ ವಾಪಸ್ ಮೊದಲಿನ ಉದ್ದಕ್ಕೆ ಬರುತ್ತದೆ. ಅದು ದಾಟಿದ ಮೇಲೆ ವಾಪಸ್ ಬರಲ್ಲ, ಆದರೆ ತುಂಡೂ ಆಗಲ್ಲ. ತುಂಡಾಗುವ ಹೊತ್ತಿಗೆ 100 ಮಿಲಿಮೀಟರ್‌ಗಿಂತ ಎಷ್ಟೋ ಜಾಸ್ತಿ ಉದ್ದವಾಗಿರುತ್ತದೆ. ಭೂಕಂಪದ ಹೊಡೆತವನ್ನು ಕಟ್ಟಡ ನುಂಗಿಕೊಳ್ಳುವುದು ಈ ಎರಡನೇ ಭಾಗದಲ್ಲೇ. ಬೀಮು ಬಾಗಬೇಕು, ಸೊಟ್ಟಗಾಗಬೇಕು, ಜನ ಮೆಟ್ಟಿಲಿಳಿದು ಹೊರಗೆ ಬರಬೇಕು. ಆಮೇಲೆ ಕಟ್ಟಡ ರಿಪೇರಿ ಮಾಡಿಕೊಳ್ಳಿ, ಕೆಡವಿಕೊಳ್ಳಿ.

ನಾರ್ತ್‌ರಿಜ್‌ನಲ್ಲಿ ಬೀಮಿಗೆ ಬಾಗುವ ಅವಕಾಶವೇ ಸಿಗಲಿಲ್ಲ. ವೆಲ್ಡಿಂಗ್ ಮೊದಲೇ ಸೀಳಿತ್ತು. ಸ್ಟೀಲ್ ಬೀಮು ಇಂಗ್ಲಿಷಿನ I ಅಕ್ಷರದ ಥರ ಇರುತ್ತದೆ: ಮೇಲೆ ಕೆಳಗೆ ಮಲಗಿದ ಪಟ್ಟಿಗಳು ಫ್ಲೇಂಜು, ನಡುವೆ ನಿಂತ ತಗಡು ವೆಬ್. ಕೆಳಗಿನ ಫ್ಲೇಂಜನ್ನು ಕಂಬಕ್ಕೆ ಬೆಸೆಯುವ ಕೆಲಸ ಹೇಗಿರುತ್ತೆ ನೋಡಿ. ವೆಲ್ಡರ್ ಮೇಲಿನಿಂದ ಕೆಳಗೆ ಬಗ್ಗಿ ವೆಲ್ಡ್ ಮಾಡಬೇಕು. ನಡುವೆ ಬೀಮಿನ ವೆಬ್ ಅಡ್ಡ ಬರುತ್ತದೆ. ವೆಬ್‌ನಲ್ಲಿ ಕೊರೆದ ಒಂದು ಸಣ್ಣ ತೂತಿನ ಮೂಲಕ ಅರ್ಧ ಈ ಕಡೆಯಿಂದ, ಅರ್ಧ ಆ ಕಡೆಯಿಂದ ಎಳೆದು ಮುಗಿಸಬೇಕು. ಸರಿಯಾಗಿ ಮಧ್ಯದಲ್ಲೇ, ಅಂದರೆ ಕೈ ಆಡದ ಜಾಗದಲ್ಲೇ, ನಿಲ್ಲಿಸಿ ಮತ್ತೆ ಶುರು ಮಾಡಬೇಕು. ಕೆಳಗೆ ಆಸರೆಗೆ ಇಟ್ಟ ಪಟ್ಟಿಯನ್ನು ಹಾಗೇ ಬಿಡುತ್ತಿದ್ದರು. ಅದರ ಅಂಚೇ ಹುಟ್ಟು ಬಿರುಕಿನ ಥರ ಕೂತಿರುತ್ತಿತ್ತು. ಸಾಲದ್ದಕ್ಕೆ ಅಲ್ಟ್ರಾಸೌಂಡ್ ಪರೀಕ್ಷೆಗೂ ಅದೇ ಪಟ್ಟಿ ಅಡ್ಡಿ.

ವೆಲ್ಡಿಂಗ್‌ಗೆ ಆಗ ಬಳಸುತ್ತಿದ್ದ ತಂತಿಯೂ ಬೇಗ ಕೆಲಸ ಮುಗಿಸುವಂಥದ್ದು. ಹೊಡೆತ ತಡೆಯಲೇಬೇಕು ಅನ್ನುವ ಷರತ್ತು ಅದಕ್ಕೆ ಇರಲಿಲ್ಲ. ನಿಧಾನಕ್ಕೆ ಎಳೆದರೆ ಚೆನ್ನಾಗಿ ತಡೆಯುವ ಲೋಹವೂ ಗಾಯ ಇರುವ ಜಾಗದಲ್ಲಿ ಪಟ್ಟನೆ ಹೊಡೆದರೆ ಬೇರೆ ಥರವೇ ಆಡುತ್ತದೆ. ಅದಕ್ಕೇ ಚಾರ್ಪಿ ಪರೀಕ್ಷೆ ಅಂತ ಒಂದಿದೆ. ಹತ್ತು ಮಿಲಿಮೀಟರ್ ದಪ್ಪದ ಚೌಕ ತುಂಡಿಗೆ ಒಂದು ಗೀರು ಹಾಕಿ, ಲೋಲಕದ ಸುತ್ತಿಗೆಯಿಂದ ಒಂದೇ ಪೆಟ್ಟು ಕೊಡುತ್ತಾರೆ. ಒಳ್ಳೆಯ ಉಕ್ಕಾದರೆ ಒಡೆದ ಮುಖ ಮಂಕು ಬೂದು, ನಾರು ನಾರು, ಅಂಚುಗಳು ಹಿಸಿದು ಎದ್ದಿರುತ್ತವೆ. ಕೆಟ್ಟದ್ದಾದರೆ ಕಲ್ಲುಸಕ್ಕರೆ ಮುರಿದಂತೆ ಹೊಳೆಯುವ ಹರಳು ಹರಳು. ನಾರ್ತ್‌ರಿಜ್ ಆದ ಮೇಲೆ ಇಂಥ ವೆಲ್ಡಿಂಗ್‌ಗೆ ಈ ಪರೀಕ್ಷೆ ಕಡ್ಡಾಯ ಆಯಿತು.

ಇನ್ನೊಂದು ಕಾರಣ ನನಗೆ ಬಲು ಇಷ್ಟ. ಉಕ್ಕು ಎಷ್ಟು ಎಳೆತದವರೆಗೆ ಜಗ್ಗದೆ ತಡೆಯುತ್ತದೆ ಅನ್ನುವುದನ್ನು ಮೆಗಾಪಾಸ್ಕಲ್‌ನಲ್ಲಿ ಅಳೆಯುತ್ತಾರೆ. ಡಿಸೈನ್ ಮಾಡಿದವರು ಲೆಕ್ಕ ಹಾಕಿದ್ದು ಕನಿಷ್ಠ 250 ಮೆಗಾಪಾಸ್ಕಲ್ ಶಕ್ತಿಯ ಉಕ್ಕಿಗೆ. ಆದರೆ ಕಾರ್ಖಾನೆಯಿಂದ ಬರುತ್ತಿದ್ದ ಬೀಮುಗಳು ಎಷ್ಟೋ ಸಲ 345ರ ಹತ್ತಿರ ಇರುತ್ತಿದ್ದವು. ಹೇಳಿದ್ದಕ್ಕಿಂತ ಗಟ್ಟಿ ಮಾಲು ಕೊಟ್ಟರೆ ಯಾರು ಬೇಡ ಅಂತಾರೆ? ಆದರೆ ಬೀಮು ಬಾಗದಿದ್ದಷ್ಟೂ ವೆಲ್ಡಿಂಗ್ ಮೇಲೆ ಬೀಳುವ ಎಳೆತ ಜಾಸ್ತಿ. ಪಕ್ಕದವನ ಪ್ರಾಣ ತೆಗೆಯುವ ಗಟ್ಟಿತನ ಅದು.

ಕೊನೆಗೆ ಸಿಕ್ಕ ಪರಿಹಾರಗಳಲ್ಲಿ ಒಂದನ್ನು ಕೇಳಿದರೆ ನಮ್ಮ ಮೇಸ್ತ್ರಿಗಳು ತಲೆ ಚಚ್ಚಿಕೊಳ್ಳುತ್ತಾರೆ. ಕಂಬದಿಂದ ಸ್ವಲ್ಪ ದೂರದಲ್ಲಿ ಬೀಮಿನ ಫ್ಲೇಂಜನ್ನು ಎರಡೂ ಬದಿ ಕಮಾನಿನಂತೆ ಕೊಯ್ದು ತೆಗೆಯುವುದು, ಬೇಕಾದರೆ ಅರ್ಧ ಅಗಲದವರೆಗೂ. ಬೇಕಂತಲೇ ಬೀಮನ್ನು ಸೊರಗಿಸುವುದು! ಹೊಡೆತ ಬಿದ್ದಾಗ ಅದು ಅಲ್ಲೇ ಬಾಗುತ್ತದೆ, ವೆಲ್ಡಿಂಗ್ ಉಳಿಯುತ್ತದೆ. ಇದರ ಪೇಟೆಂಟ್ ಇಟ್ಟುಕೊಂಡಿದ್ದ ಲಕ್ಸೆಂಬರ್ಗಿನ ಆರ್ಬೆಡ್ ಕಂಪನಿ ನಾರ್ತ್‌ರಿಜ್ ನಂತರ ತನ್ನ ಹಕ್ಕು ಬಿಟ್ಟುಕೊಟ್ಟಿತು. ದೊಡ್ಡ ಮನಸ್ಸು ಅನ್ನಬೇಕು.

ಸರಿಯಾಗಿ ಒಂದು ವರ್ಷಕ್ಕೆ, 1995ರ ಜನವರಿ 17ರಂದು, ಜಪಾನಿನ ಕೋಬೆ ಅದುರಿತು. ಪಕ್ಕದ ಆಶಿಯಾ ಊರಿನ ಎತ್ತರದ ವಸತಿ ಕಟ್ಟಡಗಳಲ್ಲಿ ದಪ್ಪ ಉಕ್ಕಿನ ಪೆಟ್ಟಿಗೆ ಕಂಬಗಳೇ ಅಡ್ಡಲಾಗಿ ಸೀಳಿದ್ದವು.

ಅಲ್ಲಿನ ಕಥೆ ನಮಗ್ಯಾಕೆ ಅಂತೀರಾ? ಇವತ್ತು ಮನೆ ಕಟ್ಟಲು ಟಿಎಂಟಿ ಕಂಬಿ ಕೇಳಿದರೆ "500 ಯಾಕೆ ಸಾರ್, 550 ತಗೊಳ್ಳಿ, ಇನ್ನೂ ಸ್ಟ್ರಾಂಗು" ಅನ್ನುವವರೇ ಜಾಸ್ತಿ. ಈ ನಂಬರೂ ಅದೇ ಮೆಗಾಪಾಸ್ಕಲ್ ಲೆಕ್ಕ. ಕಾಂಕ್ರೀಟಿಗೆ ಹಾಕುವ ಕಂಬಿಗಳ ಭಾರತೀಯ ಮಾನಕ ಐಎಸ್ 1786 ಪ್ರಕಾರ ತುಂಡಾಗುವ ಮುನ್ನ ಕನಿಷ್ಠ ಇಷ್ಟು ಉದ್ದವಾಗಬೇಕು ಅಂತ ಇದೆ: ಎಫ್‌ಇ 550ಕ್ಕೆ ಶೇ. 10, ಎಫ್‌ಇ 500ಕ್ಕೆ ಶೇ. 12, ಹೆಚ್ಚು ಜಗ್ಗುವ ಎಫ್‌ಇ 500ಡಿಗೆ ಶೇ. 16. ಎಂಜಿನಿಯರ್ 500ಕ್ಕೆ ಲೆಕ್ಕ ಹಾಕಿದ ಡ್ರಾಯಿಂಗ್‌ಗೆ ಅಷ್ಟೇ ಕಂಬಿ 550ರದ್ದು ಹಾಕಿದರೆ ಮನೆ ಇನ್ನೂ ಭದ್ರ ಅಂತ ಅಂದುಕೊಳ್ಳಬೇಡಿ. ಕಂಬಿ ಜಗ್ಗಿ ಎಚ್ಚರಿಕೆ ಕೊಡುವ ಮೊದಲೇ ಕಾಂಕ್ರೀಟ್ ಪುಡಿಯಾಗಬಹುದು, ಬೀಮು ಓರೆಯಾಗಿ ಸೀಳಬಹುದು.

ಡ್ರಾಯಿಂಗ್‌ನಲ್ಲಿ ಏನಿದೆಯೋ ಅದನ್ನೇ ತನ್ನಿ. ಬಿಲ್ ಜೊತೆ ಟೆಸ್ಟ್ ಸರ್ಟಿಫಿಕೇಟ್ ಕೇಳಿ, ಅದರಲ್ಲಿ ಎಲಾಂಗೇಶನ್, ಅಂದರೆ ಎಷ್ಟು ಉದ್ದವಾಗುತ್ತದೆ, ಅಂತ ಇರುವ ಸಾಲು ಓದಿ. ಅಂಗಡಿಯವನು "ಅದೆಲ್ಲ ಯಾಕೆ ಸಾರ್" ಅಂದರೆ, ಪಕ್ಕದ ಬೀದಿಯಲ್ಲಿ ಇನ್ನೊಂದು ಅಂಗಡಿ ಇರುತ್ತೆ ಅಲ್ವಾ.