ಜಾಕ್ ಬ್ರೆಲ್ ವೇದಿಕೆ ಬಿಟ್ಟಿದ್ದು ವೈರಾಗ್ಯದಿಂದಲ್ಲ

ಬೆಲ್ಜಿಯಂನಲ್ಲಿ ಹುಟ್ಟಿ ಫ್ರೆಂಚ್ ಭಾಷೆಯಲ್ಲಿ ಹಾಡಿದ ಜಾಕ್ ಬ್ರೆಲ್‌ನ ಬಗ್ಗೆ ಬರೆಯುವವರು, ಜನಪ್ರಿಯತೆಯ ತುತ್ತತುದಿಯಲ್ಲಿದ್ದಾಗ, ಮೂವತ್ತೆಂಟರ ವಯಸ್ಸಿಗೇ ಆತ ಸಂಗೀತ ಕಛೇರಿಗಳನ್ನು ನಿಲ್ಲಿಸಿದ್ದನ್ನು ಒಂದು ಮಹಾತ್ಯಾಗವೆಂಬಂತೆ ವರ್ಣಿಸುವುದುಂಟು. ನನಗೆ ಅದರಲ್ಲಿ ತ್ಯಾಗವೂ ವೈರಾಗ್ಯವೂ ಕಾಣುವುದಿಲ್ಲ. ಆತ ಹಾಡುತ್ತಿದ್ದ ರೀತಿಯನ್ನು ಗಮನಿಸಿದರೆ ಆ ನಿರ್ಧಾರ ಅನಿವಾರ್ಯವಾಗಿತ್ತೆಂದೇ ಅನ್ನಿಸುತ್ತದೆ.

1929ರಲ್ಲಿ ಬ್ರಸೆಲ್ಸ್‌ನಲ್ಲಿ ಹುಟ್ಟಿದ ಬ್ರೆಲ್, ತಂದೆ ಪಾಲುದಾರರಾಗಿದ್ದ ರಟ್ಟಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವನು. ಹೆಂಡತಿ, ಮಕ್ಕಳಾದ ಮೇಲೆ, 1953ರಲ್ಲಿ, ಅದನ್ನು ಬಿಟ್ಟು ಪ್ಯಾರಿಸ್‌ಗೆ ಹೋದ. ಹೆಸರು ಬರಲು ಮೂರು ವರ್ಷ ಹಿಡಿಯಿತು.

ಆತನ ಹಾಡು ಸಾಮಾನ್ಯವಾಗಿ ಯಾರೋ ಪಕ್ಕದಲ್ಲಿ ಕುಳಿತು ಮಾತಾಡುವಷ್ಟು ತಗ್ಗಿದ ದನಿಯಲ್ಲಿ ಶುರುವಾಗಿ, ಚರಣದಿಂದ ಚರಣಕ್ಕೆ ಏರುತ್ತ, ತೋಳು, ಭುಜ, ಬೆವರಿಳಿಯುವ ಮುಖ ಎಲ್ಲವನ್ನೂ ತನ್ನೊಳಗೆ ಸೆಳೆದುಕೊಂಡು, ಶಿಖರ ಮುಟ್ಟಿದ ಕ್ಷಣದಲ್ಲೇ ಕಡಿದುಬೀಳುತ್ತದೆ. ಬಂದರಿನ ನಾವಿಕರ ಊಟ, ಕುಡಿತ, ಕುಣಿತಗಳನ್ನು ಚಿತ್ರಿಸುವ ‘ಆಮ್‌ಸ್ಟರ್‌ಡಾಮ್’ ಇದಕ್ಕೆ ಅತ್ಯುತ್ತಮ ಉದಾಹರಣೆ. ಅದನ್ನು ಆತ ಸ್ಟುಡಿಯೋದಲ್ಲಿ ಧ್ವನಿಮುದ್ರಿಸಲೇ ಇಲ್ಲ. 1964ರಲ್ಲಿ ಪ್ಯಾರಿಸ್‌ನ ಒಲಿಂಪಿಯಾ ಸಭಾಂಗಣದಲ್ಲಿ ಹಾಡಿದ್ದೇ ಉಳಿದಿದೆ. ಫ್ರೆಂಚ್ ಬಾರದವರೂ ಅದರ ದೃಶ್ಯಮುದ್ರಿಕೆಯನ್ನು ನೋಡಬೇಕು. ಎಷ್ಟೇ ಚಪ್ಪಾಳೆ ಬಿದ್ದರೂ ಬ್ರೆಲ್ ‘ಒನ್ಸ್ ಮೋರ್’ಗೆ ಮಣಿಯುತ್ತಿರಲಿಲ್ಲ. ಕೆಲವರು ಇದನ್ನು ಅಹಂಕಾರವೆಂದಾರು. ಆದರೆ ತನ್ನನ್ನೇ ಅಷ್ಟು ಖರ್ಚುಮಾಡಿಕೊಂಡ ಮೇಲೆ ಮತ್ತೆ ಹಾಡಿದ್ದರೆ ಅದು ಬರೀ ಅಭಿನಯವಾಗುತ್ತಿತ್ತು.

1959ರ ‘ನ ಮ ಕಿತ್ ಪಾ’ (ನನ್ನನ್ನು ಬಿಟ್ಟುಹೋಗಬೇಡ) ಹಾಡನ್ನು ಜಗತ್ತೆಲ್ಲ ಪ್ರೇಮಗೀತೆಯೆಂದು ಒಪ್ಪಿಕೊಂಡಿದೆ. ಬಿಟ್ಟುಹೋಗುವವಳ ನಾಯಿಯ ನೆರಳಾಗಿಯಾದರೂ ಇರುತ್ತೇನೆಂದು ಗೋಗರೆಯುವ ಆ ಗಂಡಸನ್ನು ಬ್ರೆಲ್ ಮೆಚ್ಚಿ ಬರೆದದ್ದಲ್ಲ, ಅದು ಗಂಡಸರ ಹೇಡಿತನದ ಹಾಡೆಂದು ಸ್ವತಃ ಹೇಳಿದ್ದ. ಮಧುರವಾಗಿ ಹಾಡುವ ಅನೇಕ ಗಾಯಕರು ಆ ಹೀನಾಯವನ್ನೇ ಒರೆಸಿಹಾಕಿದ್ದಾರೆಂಬುದು ನನ್ನ ತಕರಾರು.

ವರ್ಷವಿಡೀ ಊರೂರು ಸುತ್ತುತ್ತ ಇಂಥ ಹಾಡುಗಳನ್ನು ಪ್ರತಿ ರಾತ್ರಿ ಹಾಡಿದವನಿಗೆ ಎರಡೇ ದಾರಿಗಳಿದ್ದವು: ಆವೇಶವನ್ನು ನಟಿಸುವುದು, ಇಲ್ಲವೇ ನಿಲ್ಲಿಸುವುದು. 1967ರ ಮೇ ತಿಂಗಳಲ್ಲಿ ಫ್ರಾನ್ಸಿನ ರೂಬೆಯಲ್ಲಿ ಕೊನೆಯ ಕಛೇರಿ ನಡೆಯಿತು. ವಿರಾಗಿಯಾಗಿದ್ದರೆ ಮರುವರ್ಷವೇ ಸ್ಪ್ಯಾನಿಷ್ ಕಾದಂಬರಿಯ ಡಾನ್ ಕ್ವಿಕ್ಸೋಟನ ಕಥೆಯ ಸಂಗೀತ ನಾಟಕವನ್ನು ಫ್ರೆಂಚ್‌ಗೆ ತಂದು ತಾನೇ ನಾಯಕನಾಗುತ್ತಿರಲಿಲ್ಲ. ಆಮೇಲೆ ಸಿನಿಮಾ, ಹಾಯಿದೋಣಿ, ಶ್ವಾಸಕೋಶದ ಕ್ಯಾನ್ಸರ್, ಪೆಸಿಫಿಕ್ ಸಾಗರದ ಹಿವಾ ಓವಾ ದ್ವೀಪದ ವಾಸ.

ಕಾಯಿಲೆಯ ನಡುವೆಯೇ 1977ರಲ್ಲಿ ಪ್ಯಾರಿಸ್‌ಗೆ ಬಂದು ಧ್ವನಿಮುದ್ರಿಸಿದ ಕೊನೆಯ ಆಲ್ಬಂ ಅಪಾರವಾಗಿ ಮಾರಾಟವಾಯಿತು. ಅದರ ಪ್ರಚಾರಕ್ಕೂ ನಿಲ್ಲದೆ ಆತ ದ್ವೀಪಕ್ಕೆ ಮರಳಿದ. 1978ರ ಅಕ್ಟೋಬರ್‌ನಲ್ಲಿ ತೀರಿಕೊಂಡ. ಆ ಆಲ್ಬಂನಲ್ಲಿ ಉಸಿರು ಕಡಿಮೆಯಾಗಿದೆ, ಹಳೆಯ ಏರಿಕೆ ಎಲ್ಲ ಕಡೆ ಸಾಧ್ಯವಾಗಿಲ್ಲ. ಕುಗ್ಗಿದ ಉಸಿರನ್ನು ಮರೆಮಾಚದೆ ಹಾಡಿದ್ದಾನೆ; ಆದ್ದರಿಂದಲೇ ಅದು ಒಲಿಂಪಿಯಾದ ಬ್ರೆಲ್‌ನಿಗಿಂತ ಕಡಿಮೆಯದೆಂದು ನಾನು ಒಪ್ಪುವುದಿಲ್ಲ.