ಭಾವನ ಕೋವಿ ಶಿಸ್ತು, ಅಳಿಯನ ವಿಮಾನ

ರೇಡಿಯೋ ಸಿಗ್ನಲ್‌ನಿಂದ ನಡೆಸುವ ಪುಟ್ಟ ವಿಮಾನದ ಹುಚ್ಚು ಇರೋರಿಗೆ ಆಕಾಶಕ್ಕಿಂತ ಊಟದ ಮೇಜೇ ಜಾಸ್ತಿ ಅಪಾಯ. ನಂಬಿಕೆ ಬಾರದಿದ್ದರೆ ಕೊಡಗಿನ ನಾಪೋಕ್ಲು ಕಡೆಯ ನಮ್ಮ ಅಕ್ಕನ ಮನೆಗೆ ಹೋಗಿ ಕಡಂಬುಟ್ಟಿನ (ಅಕ್ಕಿ ತರಿಯ ಉಂಡೆ ಕಡುಬು) ಪಾತ್ರೆ ನೋಡಿ. ಪ್ರೊಪೆಲ್ಲರ್ ಗೀಚಿದ ಗೆರೆ ಇನ್ನೂ ಇದೆ.

ಅಕ್ಕನ ಮಗ ಮುತ್ತಣ್ಣ ಇಂಜಿನಿಯರಿಂಗ್ ಓದುತ್ತಾನೆ. ಮಡಿಕೇರಿಯಲ್ಲಿ ವಾಯುಪಡೆಯ ಯುದ್ಧವಿಮಾನ ಹಾರಿಸುತ್ತಿದ್ದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಹೆಸರಿನ ವೃತ್ತ ದಾಟುವಾಗೆಲ್ಲ 1965ರ ಯುದ್ಧದ ಕಥೆ ಕೇಳಿಕೊಂಡೇ ಬೆಳೆದವನು. ವಿಮಾನದ ಹುಚ್ಚು ಹಿಡಿಯದೆ ಇರುತ್ತಾ? ಒಂದು ಫೋಮ್ ವಿಮಾನ, ಅದನ್ನು ನಡೆಸೋಕೆ ಕೈಯಲ್ಲಿ ಹಿಡಿಯುವ ಒಂದು ಟ್ರಾನ್ಸ್‌ಮಿಟರ್ ತರಿಸಿಕೊಂಡ. ಮೇಜಿನ ಮೇಲೆ ಹರಡಿಕೊಂಡು ಕೂತ.

ಮೊದಲು ಟ್ರಾನ್ಸ್‌ಮಿಟರನ್ನೂ ವಿಮಾನದೊಳಗಿನ ರಿಸೀವರನ್ನೂ ಜೋಡಿ ಮಾಡಬೇಕು. ಇದಕ್ಕೆ ಬೈಂಡ್ ಮಾಡೋದು ಅಂತಾರೆ. ಸಿಗ್ನಲ್ ತಪ್ಪಿದರೆ ಏನು ಮಾಡಬೇಕು ಅನ್ನೋದನ್ನ ಕೆಲವು ರಿಸೀವರ್‌ಗಳು ಆ ಗಳಿಗೆಯಲ್ಲೇ ಕಲಿತುಬಿಡುತ್ತವೆ. ಆಗ ಸ್ಟಿಕ್ಕುಗಳು ಎಲ್ಲಿದ್ದವೋ ಅದೇ ಅವುಗಳ ಪಾಲಿನ ಫೇಲ್‌ಸೇಫ್. ಬೈಂಡ್ ಮಾಡುವಾಗ ಮುತ್ತಣ್ಣನ ಥ್ರಾಟಲ್ ಸ್ಟಿಕ್ (ಮೋಟಾರಿನ ವೇಗ ಏರಿಳಿಸುವ ಕಡ್ಡಿ) ಅರ್ಧಕ್ಕೆ ನಿಂತಿತ್ತು. ಅಂದರೆ, "ನನ್ನ ದನಿ ಕೇಳದಿದ್ದರೆ ನೀನು ಅರ್ಧ ಜೋರಲ್ಲಿ ಓಡು" ಅಂತ ವಿಮಾನಕ್ಕೆ ಅವನೇ ಹೇಳಿಕೊಟ್ಟ ಹಾಗಾಯಿತು.

"ಆಟ ಸಾಕು, ಅದನ್ನ ಆಫ್ ಮಾಡಿ ತಿನ್ನೋಕೆ ಬಾ" ಅಂದಳು ಅಕ್ಕ. ತಾಯಿ ಮಾತಿಗೆ ಎದುರಾಡದ ಮಗ. ಟ್ರಾನ್ಸ್‌ಮಿಟರ್ ಆಫ್ ಮಾಡಿದ. ವಿಮಾನದ ಬ್ಯಾಟರಿ ಹಾಗೇ ಇತ್ತು. ಮೋಟಾರ್ ಗುರ್ ಅಂದಿತು. ವಿಮಾನ ಉಪ್ಪಿನಕಾಯಿ ಜಾಡಿ ಉರುಳಿಸಿ, ಪೇಪರ್ ಹಾರಿಸಿ, ಕಡಂಬುಟ್ಟಿನ ಪಾತ್ರೆಗೆ ಮೂಗು ತಾಗಿಸಿ ನಿಂತಿತು. ಪುಣ್ಯಕ್ಕೆ ಯಾರ ಬೆರಳೂ ಹೋಗಲಿಲ್ಲ.

ಭಾವ ನಿವೃತ್ತ ಸುಬೇದಾರರು. ಬೈಯಲಿಲ್ಲ. ಸುಮ್ನೆ ಎದ್ದು ಬಂದು ವಿಮಾನದ ಬ್ಯಾಟರಿ ಕಿತ್ತರು. ಸ್ಪ್ಯಾನರ್ ತಂದು ಪ್ರೊಪೆಲ್ಲರ್ ಬಿಚ್ಚಿ ಜೇಬಿಗೆ ಹಾಕಿಕೊಂಡರು.

"ಕೋವಿ ಒರೆಸುವಾಗ ಒಳಗೆ ತೋಟಾ ಬಿಟ್ಟಿರ್ತೀಯೇನೋ?"

"ಇಲ್ಲಪ್ಪ."

"ಮತ್ತೆ?"

ಇಡೀ ಕೈಪಿಡಿಯಲ್ಲಿ ಇದಕ್ಕಿಂತ ಚೆನ್ನಾಗಿ ಹೇಳಿದ್ದು ನನಗೆ ಕಾಣಲಿಲ್ಲ. ಅಲ್ಲಿಂದ ಭಾವನೇ ಕಮಾಂಡರ್. ಆನ್ ಮಾಡುವಾಗ ಟ್ರಾನ್ಸ್‌ಮಿಟರ್ ಮೊದಲು, ವಿಮಾನ ಆಮೇಲೆ. ಆಫ್ ಮಾಡುವಾಗ ವಿಮಾನ ಮೊದಲು. ಫೇಲ್‌ಸೇಫ್‌ನಲ್ಲಿ ಮೋಟಾರ್ ಪೂರ್ತಿ ನಿಲ್ಲಬೇಕು. ಒಂದು ಸ್ವಿಚ್ಚು ಥ್ರಾಟಲ್ ಕಟ್‌ಗೆ ಮೀಸಲು. ಅದನ್ನು ಹಾಕಿದ ಮೇಲೆ ಸ್ಟಿಕ್ ಎಷ್ಟು ಮೇಲೆತ್ತಿದರೂ ಮೋಟಾರ್ ಮಿಸುಕಬಾರದು. ಮುತ್ತಣ್ಣ ಇದನ್ನೆಲ್ಲ ಅಟೆನ್ಷನ್‌ನಲ್ಲಿ ನಿಂತು ಒಪ್ಪಿಸಬೇಕು.

ರೆಕ್ಕೆಯ ಹಿಂಬದಿಯಲ್ಲಿ ಮೇಲೆ ಕೆಳಗೆ ಆಡಿ ವಿಮಾನವನ್ನು ವಾಲಿಸುವ ಪಟ್ಟಿಗಳದ್ದು ಇನ್ನೊಂದು ರಾಮಾಯಣ. ಸ್ಟಿಕ್ ಬಲಕ್ಕೆ ತಳ್ಳಿದರೆ ಬಲ ರೆಕ್ಕೆಯ ಪಟ್ಟಿ ಮೇಲೇಳಬೇಕು. ಎದ್ದಿತು ಅಂತ ಮಗ, ಇಳಿಯಿತು ಅಂತ ಅಪ್ಪ. ಮಗ ವಿಮಾನದ ಮೂಗಿನ ಎದುರು ನಿಂತಿದ್ದ. ಅವನ ಬಲ ಅಂದರೆ ವಿಮಾನದ ಎಡ! ಬಾಲದ ಹಿಂದೆ ನಿಂತು ನೋಡಿದರೆ ಎರಡೂ ಉಲ್ಟಾ. ಟ್ರಾನ್ಸ್‌ಮಿಟರಿನ ಮೆನುವಿನಲ್ಲಿ ಆ ಪಟ್ಟಿಗಳ ಚಾನೆಲ್ ರಿವರ್ಸ್ ಮಾಡಿದ್ದಾಯಿತು. ಹಾಗೇ ಹಾರಿಸಿದ್ದರೆ ಬಲಕ್ಕೆ ಅಂದಾಗ ಎಡಕ್ಕೆ ವಾಲಿ, ನಮ್ಮ ಬಾಯಿಂದ ಅಯ್ಯೋ ಬರುವ ಮೊದಲೇ ನೆಲಕ್ಕೆ ಬೀಳುತ್ತಿತ್ತು.

ಇನ್ನು ರೇಂಜ್ ಪರೀಕ್ಷೆ. ಸಿಗ್ನಲ್ ಬೇಕೆಂದೇ ಕಡಿಮೆ ಮಾಡಿ, ಸುಮಾರು 30 ಹೆಜ್ಜೆ ದೂರದಿಂದ ಪಟ್ಟಿಗಳು ಆಡುತ್ತವೆಯೋ ನೋಡೋದು. ಕೊಡಗಿನಲ್ಲಿ ನೇರವಾಗಿ 30 ಹೆಜ್ಜೆ ಇಡೋ ಜಾಗ ಹುಡುಕಿ ನೋಡೋಣ! ಹತ್ತು ಹೆಜ್ಜೆಗೆ ಕಾಫಿ ಗಿಡ, ಇಪ್ಪತ್ತಕ್ಕೆ ಇಳಿಜಾರು. 2.4 ಗಿಗಾಹರ್ಟ್ಸ್ ಸಿಗ್ನಲ್‌ಗೆ ಒದ್ದೆ ಎಲೆ ಅಂದರೆ ಆಗೋದಿಲ್ಲ ಬೇರೆ. ಕೊನೆಗೆ ಕೊಯ್ಲು ಮುಗಿದ ಗದ್ದೆಗೆ ಹೋದೆವು. ಭಾವ ಪರೇಡ್ ಹೆಜ್ಜೆ ಹಾಕಿ, ತಿರುಗಿ, ಟ್ರಾನ್ಸ್‌ಮಿಟರ್ ಎತ್ತಿ ಆಂಟೆನಾದ ತುದಿಯಿಂದ ವಿಮಾನಕ್ಕೆ ಸರಿಯಾಗಿ ಗುರಿ ಇಟ್ಟರು. ಪಟ್ಟಿ ಅಲ್ಲಾಡಲಿಲ್ಲ. ಅಂಥ ಕಡ್ಡಿ ಆಂಟೆನಾದ ತುದಿಯ ದಿಕ್ಕಿಗೇ ಸಿಗ್ನಲ್ ತೀರಾ ಕಡಿಮೆ.

"ಅಪ್ಪ, ಅದು ಕೋವಿ ಅಲ್ಲ!"

ಅವತ್ತು ಮಗ ಗೆದ್ದಿದ್ದು ಅದೊಂದೇ. ಆಂಟೆನಾ ಬಗ್ಗಿಸಿ ಅಡ್ಡ ಮಾಡಿದ ಮೇಲೆ ಎಲ್ಲ ಸರಿಹೋಯಿತು.

ವಿಮಾನ ಹಾರಿತು. ಚೆನ್ನಾಗೇ ಹಾರಿತು. ಆಮೇಲೆ ಗಾಳಿ ಬಂತು, ಗದ್ದೆಯಾಚೆಯ ಸಿಲ್ವರ್ ಓಕ್ ಮರವೂ ಬಂತು. ಮೆಣಸಿನ ಬಳ್ಳಿಯ ನಡುವೆ ಸಿಕ್ಕಿಕೊಂಡಿತು. ಮೆಣಸು ಕೊಯ್ಯುವ ರಾಜು ಏಣಿ ತಂದು ಹತ್ತಿದ. ಮುತ್ತಣ್ಣನ ಕೈ ಟ್ರಾನ್ಸ್‌ಮಿಟರಿನ ಪವರ್ ಸ್ವಿಚ್ಚಿನತ್ತ ಹೋಯಿತು. ಭಾವ ಆ ಕೈ ಹಿಡಿದುಕೊಂಡರು. "ಥ್ರಾಟಲ್ ಕಟ್ ಹಾಕು. ಅವನು ಬ್ಯಾಟರಿ ಕೀಳುವ ತನಕ ಬೇರೆ ಏನೂ ಮುಟ್ಟಬೇಡ."

ರಾಜು ಬ್ಯಾಟರಿ ಕಿತ್ತ. ವಿಮಾನವನ್ನು ಹಗ್ಗದಲ್ಲಿ ಇಳಿಸಿದ. ಆದರೆ ತಾನು ಇಳಿಯಲಿಲ್ಲ. ಅಷ್ಟು ಎತ್ತರದ ಮೆಣಸನ್ನು ಈ ಸಲವೂ ಬಿಟ್ಟುಬಿಡೋಣ ಅಂತಿದ್ದರಂತೆ; ಹತ್ತಿದ್ದೇ ಹತ್ತಿದ್ದು ಅಂತ ಅದನ್ನೂ ಕೊಯ್ದುಕೊಂಡೇ ಬಂದ. ಅಕ್ಕ ಚೀಲ ಎತ್ತಿ ತೂಕ ನೋಡಿದಳು. ಆಮೇಲೆ ಪಕ್ಕದ ಮರದ ತುದಿ ನೋಡಿ, "ಮುತ್ತಣ್ಣಾ, ನಾಳೆ ಅಲ್ಲಿಗೆ ಹಾರಿಸೋಕೆ ಆಗುತ್ತಾ?" ಅಂದಳು.