ಏಳು ಅಲಗು, ಒಂದು ಗಡ್ಡ

ರೇಜರ್ ಬಗ್ಗೆ ವಿಡಂಬನೆ ಬರೆಯುವುದು ಗಿಟ್ಟದ ಕಸುಬು. ಎಷ್ಟೇ ಉತ್ಪ್ರೇಕ್ಷೆ ಮಾಡಿ ಬರೆಯಿರಿ, ಕಂಪನಿಯವರು ಒಂದಲ್ಲ ಒಂದು ದಿನ ಅದನ್ನೇ ತಯಾರಿಸಿ, ಚೆಂದದ ಪೆಟ್ಟಿಗೆಯಲ್ಲಿಟ್ಟು ಮಾರಿ ನಿಮ್ಮ ಮಾನ ತೆಗೆಯುತ್ತಾರೆ. 1971ರಲ್ಲಿ ಜಿಲೆಟ್ ಕಂಪನಿ ಎರಡು ಅಲಗಿನ ರೇಜರನ್ನು ಮಾರುಕಟ್ಟೆಗೆ ಬಿಟ್ಟಿತು. 1975ರಲ್ಲಿ ಅಮೆರಿಕದ ಟೀವಿಯ ಹಾಸ್ಯ ಕಾರ್ಯಕ್ರಮವೊಂದು ಮೂರು ಅಲಗಿನ ರೇಜರಿಗೆ ಸುಳ್ಳು ಜಾಹೀರಾತು ಮಾಡಿ ಜನರನ್ನು ನಗಿಸಿತು. 1998ರಲ್ಲಿ ಮೂರು ಅಲಗಿನ ಮ್ಯಾಕ್ 3 ನಿಜವಾಗಿಯೇ ಬಂತು, ನಕ್ಕವರೇ ಕೊಂಡರು. 2003ರಲ್ಲಿ ಶಿಕ್ ಕಂಪನಿ ಲೆಕ್ಕವನ್ನು ನಾಲ್ಕಕ್ಕೆ ಏರಿಸಿತು. 2004ರಲ್ಲಿ ವಿಡಂಬನೆಗೇ ಮೀಸಲಾದ ಪತ್ರಿಕೆಯೊಂದು ಐದು ಅಲಗಿನ ತಮಾಷೆ ಬರೆಯಿತು. ಮರುವರ್ಷವೇ ಜಿಲೆಟ್ ಐದು ಅಲಗಿನ ಫ್ಯೂಷನ್ ಘೋಷಿಸಿತು. ಈಗ ಆರು ಅಲಗಿನದೂ ಸಿಗುತ್ತದೆ, ಏಳರದೂ ಸಿಗುತ್ತದೆ. ಗಡ್ಡ ಮಾತ್ರ ಯಾವ ಪ್ರಗತಿಯನ್ನೂ ತೋರಿಸದೆ ಹಳೆಯ ವೇಗದಲ್ಲೇ, ದಿನಕ್ಕೆ ಅರ್ಧ ಮಿಲಿಮೀಟರಿನ ಒಳಗೆ ಬೆಳೆಯುತ್ತಿದೆ.

ಇಷ್ಟು ಅಲಗು ಯಾಕೆ ಎಂದು ಕೇಳಿದರೆ ಅವರ ಬಳಿ ಉತ್ತರವಿದೆ. ಮೊದಲ ಅಲಗು ಕೂದಲನ್ನು ಕಚ್ಚಿ ತುಸು ಮೇಲಕ್ಕೆಳೆಯುತ್ತದೆ. ಅದು ವಾಪಸ್ ಒಳಗೆ ಸರಿಯುವ ಮೊದಲೇ ಹಿಂದಿನದು ಬಂದು ಇನ್ನೂ ಬುಡದಲ್ಲಿ ಕತ್ತರಿಸುತ್ತದೆ. ಸುಳ್ಳಲ್ಲ. ಕತ್ತರಿಸಿದ ತುದಿ ಚರ್ಮದ ಮಟ್ಟಕ್ಕಿಂತ ಕೆಳಗೆ ಇಳಿಯುತ್ತದೆ ಎಂಬುದೂ ಸುಳ್ಳಲ್ಲ. ಗುಂಗುರು ಗಡ್ಡದವರಲ್ಲಿ ಆ ಚೂಪಾದ ತುದಿ ಹೊರಗೆ ಬರುವ ದಾರಿ ತಪ್ಪಿ ಚರ್ಮದೊಳಗೇ ಬೆಳೆದು ಗುಳ್ಳೆಯಾಗುತ್ತದೆ. ಆ ಗುಳ್ಳೆಗೆ ಬೇರೆ ಕ್ರೀಮು ಇದೆ, ಪಕ್ಕದ ಶೆಲ್ಫಿನಲ್ಲೇ.

ಈಚೆಗೆ ಈ ಉದ್ಯಮಕ್ಕೆ ಪರಿಸರದ ಮೇಲೆ ಪ್ರೀತಿ ಉಕ್ಕಿದೆ. ಶೇವಿಂಗಿನ ಭವಿಷ್ಯ ಹಸಿರಂತೆ. ಹಸಿರು ಎಲ್ಲಿದೆ ಎಂದು ಹುಡುಕಿದರೆ ಹಿಡಿಯಲ್ಲಿದೆ: ಹಿಡಿ ಬಿದಿರಿನದು. ಹಿಡಿ ಉಳಿಸಿಕೊಂಡು ಅಲಗಿನ ತಲೆ ಮಾತ್ರ ಬದಲಿಸುವ ಕಾರ್ಟ್ರಿಜ್ ರೇಜರಿನಲ್ಲಿ ಜನ ಎಸೆಯದೆ ವರ್ಷಗಟ್ಟಲೆ ಇಟ್ಟುಕೊಳ್ಳುವ ಭಾಗ ಒಂದಿದ್ದರೆ ಅದು ಹಿಡಿ. ಅದನ್ನೇ ಹುಡುಕಿ ಹಿಡಿದು ಮಣ್ಣಲ್ಲಿ ಕರಗುವಂತೆ ಮಾಡಿದ್ದಾರೆ. ದಿನವೂ ನೆನೆಯುವ ಬಿದಿರು ಉಬ್ಬುತ್ತದೆ, ಲೋಹದ ಕುತ್ತಿಗೆ ಸೇರುವಲ್ಲಿ ಬಿರುಕು ಬಿಡುತ್ತದೆ, ಬಿರುಕಿನಲ್ಲಿ ಬೂಷ್ಟು ಕೂರುತ್ತದೆ. ಆಗ ಹಿಡಿಯನ್ನೂ ಎಸೆಯಬಹುದು. ಇನ್ನು ಕೆಲವು ಹಿಡಿಗಳು ಪಿಎಲ್‌ಎ ಎಂಬ ಸಸ್ಯಮೂಲದ ಪ್ಲಾಸ್ಟಿಕ್ಕಿನವು. ಅದು ಗೊಬ್ಬರವಾಗಬೇಕಾದರೆ 60 ಡಿಗ್ರಿಯ ಆಸುಪಾಸಿನ ಬಿಸಿಯನ್ನು ವಾರಗಟ್ಟಲೆ ಕಾಪಾಡುವ ಕಾರ್ಖಾನೆ ಬೇಕು. ಹಿತ್ತಲಲ್ಲಿ ಹೂತಿಟ್ಟರೆ ವರ್ಷಗಳ ಮೇಲೆ ಅಗೆದು ತೆಗೆದು ತೊಳೆದು ಮತ್ತೆ ಬಳಸಬಹುದು; ಆ ಅರ್ಥದಲ್ಲಿ ಬಾಳಿಕೆಯ ವಸ್ತುವೇ.

ಎಸೆಯುವುದು ತಲೆಯನ್ನು. ಆ ತಲೆಯೊಳಗೆ ಏನಿದೆ ನೋಡಿ. ಚೌಕಟ್ಟು ಒಂದು ಗಟ್ಟಿ ಪ್ಲಾಸ್ಟಿಕ್. ಚರ್ಮವನ್ನು ಎಳೆದು ಹಿಡಿಯುವ ಕೆಳಗಿನ ಪಟ್ಟಿ ರಬ್ಬರಿನಂಥ ಇನ್ನೊಂದು. ಮೇಲಿನ ಜಾರುಪಟ್ಟಿ ಪಾಲಿಸ್ಟೈರೀನಿನಲ್ಲಿ ಪಾಲಿಎಥಿಲೀನ್ ಆಕ್ಸೈಡ್ ಬೆರೆಸಿದ ಮೂರನೆಯದು; ನೀರು ತಾಗಿದರೆ ಲೋಳೆ ಬಿಡುತ್ತದೆ. ನಡುವೆ ಸುಮಾರು 13 ಶೇಕಡಾ ಕ್ರೋಮಿಯಂ ಇರುವ ಉಕ್ಕಿನ, ಕಾಗದದಷ್ಟು ತೆಳ್ಳನೆಯ ಅಲಗುಗಳು. ಅಲಗಿನ ಅಂಚಿಗೆ ಗಟ್ಟಿ ಲೇಪ, ಅದರ ಮೇಲೆ ದೋಸೆ ಹೆಂಚಿಗೆ ಬಳಿಯುವ ಜಾತಿಯದೇ ಟೆಫ್ಲಾನ್. ಕೆಲವದರಲ್ಲಿ ಅಲಗುಗಳನ್ನು ಬಿಗಿಹಿಡಿಯಲು ಅಲ್ಯೂಮಿನಿಯಂ ಕ್ಲಿಪ್. ಇಷ್ಟನ್ನೂ ಬೆರಳ ತುದಿಯಷ್ಟು ಜಾಗದಲ್ಲಿ ಕೂಡಿಸಿದ ಎಂಜಿನಿಯರುಗಳಿಗೆ ನಮಸ್ಕಾರ ಹೇಳಲೇಬೇಕು. ಬಿಡಿಸುವ ಎಂಜಿನಿಯರು ಮಾತ್ರ ಇನ್ನೂ ಹುಟ್ಟಿಲ್ಲ.

ಇದನ್ನು ಮರುಬಳಕೆಯ ಡಬ್ಬಿಗೆ ಹಾಕಿ ನಿರಾಳವಾಗುವವರಿದ್ದಾರೆ. ಕಸ ವಿಂಗಡಿಸುವ ಘಟಕದಲ್ಲಿ ಮೊದಲು ಸಿಗುವುದೇ ಜರಡಿ. ಅಂಗೈಗಿಂತ ಚಿಕ್ಕದು ಅದರಲ್ಲಿ ಉದುರಿ ಒಡೆದ ಗಾಜು, ಕಸಕಡ್ಡಿಯ ರಾಶಿಗೆ ಸೇರುತ್ತದೆ. ಉದುರದೆ ಉಳಿದರೂ ಅಯಸ್ಕಾಂತ ಹಿಡಿದರೆ ಉಕ್ಕಿನ ರಾಶಿಗೆ ಪ್ಲಾಸ್ಟಿಕ್ ಸೇರುತ್ತದೆ, ಹಿಡಿಯದಿದ್ದರೆ ಪ್ಲಾಸ್ಟಿಕ್ಕಿನ ರಾಶಿಗೆ ಉಕ್ಕು ಸೇರುತ್ತದೆ. ಎರಡೂ ಆಗದಿದ್ದರೆ ವಿಂಗಡಿಸುವವರ ಬೆರಳಿಗೆ ಸೇರುತ್ತದೆ. ಅದಕ್ಕೇ ಕೆಲವು ಕಡೆ ಹೊಸ ಯೋಜನೆ ಬಂತು: ಹಳೆಯ ತಲೆಗಳನ್ನು ಕೂಡಿಟ್ಟು ಅಂಚೆಯಲ್ಲಿ ಕಳಿಸಿ, ನಾವು ಪುಡಿಮಾಡಿ ಉಕ್ಕು ಬೇರೆ, ಪ್ಲಾಸ್ಟಿಕ್ ಬೇರೆ ಮಾಡುತ್ತೇವೆ. ಕೆಲವೇ ಗ್ರಾಂ ತೂಗುವ ತಲೆಗಳಿಗೆ ರಟ್ಟಿನ ಡಬ್ಬಿ, ಅಂಟುಪಟ್ಟಿ, ವಿಳಾಸದ ಚೀಟಿ, ನೂರಾರು ಕಿಲೋಮೀಟರ್ ಲಾರಿ ಪ್ರಯಾಣ. ಕೊನೆಗೆ ಸಿಗುವ ಮೂರು ಬಗೆಯ ಕಲಬೆರಕೆ ಪ್ಲಾಸ್ಟಿಕ್ಕಿನಿಂದ ಇನ್ನೊಂದು ರೇಜರ್ ತಲೆ ಆಗುವುದಿಲ್ಲ. ಹೆಚ್ಚೆಂದರೆ ಉದ್ಯಾನದ ಬೆಂಚು. ಗಡ್ಡ ಬೋಳಿಸಿಕೊಂಡವರು ಕೂರಲು ಅನುಕೂಲ.

ಅಂಕಿಅಂಶದ ವಿಷಯದಲ್ಲಿ ಈ ಹಸಿರು ಪಂಗಡ ಬಹಳ ಮಿತವ್ಯಯಿ. ಅಮೆರಿಕದಲ್ಲಿ ವರ್ಷಕ್ಕೆ 200 ಕೋಟಿ ರೇಜರ್ ಕಸಕ್ಕೆ ಹೋಗುತ್ತದೆ ಎಂಬ ಅಂದಾಜು 1990ರ ಸುಮಾರಿನದು. ಬಿದಿರು, ಲೋಹ, ಮೇಣದ ಕಾಗದ, ಯಾವ ರೇಜರಿನ ಜಾಹೀರಾತು ತೆಗೆದರೂ ಅದೇ 200 ಕೋಟಿ. ಜನಸಂಖ್ಯೆ ಬೆಳೆಯಿತು, ಗಡ್ಡ ಬಿಡುವ ಫ್ಯಾಷನ್ ಬಂತು, ಹೋಯಿತು, ಮತ್ತೆ ಬಂತು, ಅಂಕಿ ಕದಲಲಿಲ್ಲ. ಇಡೀ ಉದ್ಯಮದಲ್ಲಿ ನಿಜವಾಗಿ ಮರುಬಳಕೆ ಆಗುತ್ತಿರುವುದು ಇದೊಂದೇ.

ಇಷ್ಟೆಲ್ಲ ಹಿಡಿ, ತಲೆ, ಡಬ್ಬಿಗಳ ಚರ್ಚೆ ನಡೆಯುವಾಗ ಪಕ್ಕದಲ್ಲೇ ಬಿಸಿನೀರಿನ ನಲ್ಲಿ ಸುರಿಯುತ್ತಿರುತ್ತದೆ. ಗಡ್ಡಕ್ಕೆ ಬೆಂಕಿ ಹತ್ತಿ ಉರಿಯುತ್ತಿದ್ದರೆ ಬೀಡಿ ಹಚ್ಚಿಕೊಳ್ಳಲು ಬೆಂಕಿ ಕೇಳಿದನಂತೆ, ಅಂಥ ಸಮಾಚಾರ. ಲೆಕ್ಕ ಸುಲಭ. ನಿಮಿಷಕ್ಕೆ 6 ಲೀಟರ್ ಬರುವ ನಲ್ಲಿಯನ್ನು 5 ನಿಮಿಷ ತೆರೆದಿಟ್ಟರೆ 30 ಲೀಟರ್. ಅಷ್ಟು ನೀರನ್ನು 20 ಡಿಗ್ರಿಯಿಂದ 40 ಡಿಗ್ರಿಗೆ ಏರಿಸಲು, ಹೀಟರ್ ಒಂದಿಷ್ಟೂ ಸೋರದಿದ್ದರೂ, 0.7 ಯೂನಿಟ್ ವಿದ್ಯುತ್ ಬೇಕು. ದಿನವೂ ಶೇವ್ ಮಾಡುವವರಿಗೆ ವರ್ಷಕ್ಕೆ ಹತ್ತಿರಹತ್ತಿರ 11,000 ಲೀಟರ್ ನೀರು, 255 ಯೂನಿಟ್. ಅದೇ ಕೆಲಸವನ್ನು ಒಂದು ಮಗ್ ಬಿಸಿನೀರಿನಲ್ಲಿ ಮುಗಿಸಿದರೆ ಈ ಲೆಕ್ಕ ಮೂವತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಮಗ್ ಎಲ್ಲರ ಮನೆಯಲ್ಲೂ ಇದೆ. ಚಂದಾ ಕಟ್ಟಬೇಕಿಲ್ಲ, ಚಾರ್ಜ್ ಮಾಡಬೇಕಿಲ್ಲ. ಅದಕ್ಕೇ ಮಗ್ಗಿನ ಜಾಹೀರಾತು ನೀವು ನೋಡಿಲ್ಲ.

ಮಗ್ ಕೈಬಿಟ್ಟು ಜನ ನಲ್ಲಿಗೆ ಹೋದದ್ದರಲ್ಲಿ ಅಲಗುಗಳ ಪಾಲೂ ಇದೆ. ಏಳು ಅಲಗಿನ ನಡುವಿನ ಸಂದಿ ಎಷ್ಟು ಕಿರಿದೆಂದರೆ ಕೂದಲು, ನೊರೆ, ಸತ್ತ ಚರ್ಮ ಸೇರಿ ಮೆತ್ತಿಕೊಂಡು ಎರಡು ಎಳೆತಕ್ಕೇ ಗಾರೆಯಾಗುತ್ತದೆ. ಮಗ್ಗಿನಲ್ಲಿ ಅಲ್ಲಾಡಿಸಿದರೆ ಬಿಡುವುದಿಲ್ಲ, ರಭಸದ ನೀರೇ ಬೇಕು. ಎರಡು ದಿನದ ಗಡ್ಡವಾದರೆ ಇನ್ನೂ ಬೇಗ ಕಟ್ಟಿಕೊಳ್ಳುತ್ತದೆ. ಸಿಂಕಿನ ಅಂಚಿಗೆ ಕುಟ್ಟುವವರು ಚೌಕಟ್ಟನ್ನೇ ಸೀಳಿಸುತ್ತಾರೆ. ಅಂದರೆ ಅಲಗು ಹೆಚ್ಚಿದಷ್ಟೂ ನೀರು ಹೆಚ್ಚು, ನೀರು ಹೆಚ್ಚಿದಷ್ಟೂ ವಿದ್ಯುತ್ ಹೆಚ್ಚು, ಹಿಡಿ ಬಿದಿರಿನದು.

ಹಾಗಾದರೆ ವಿದ್ಯುತ್ ಶೇವರ್? ಮೇಲಿನ ಅಂಕಿಗಳನ್ನು ಇಟ್ಟುಕೊಂಡೇ ಹೋಲಿಸಿ. 5 ವಾಟಿನ ಶೇವರನ್ನು ದಿನಕ್ಕೆ 5 ನಿಮಿಷ ಓಡಿಸಿದರೆ ವರ್ಷಕ್ಕೆ 0.15 ಯೂನಿಟ್. ಒಂದು ಬೆಳಗಿನ ನಲ್ಲಿ ನೀರಿಗೆ ತಗಲುವ ವಿದ್ಯುತ್ತಿನಲ್ಲಿ ಅದು ನಾಲ್ಕು ವರ್ಷ ಗಡ್ಡ ತೆಗೆಯುತ್ತದೆ. ಇಷ್ಟು ಒಳ್ಳೆಯ ಸುದ್ದಿಯನ್ನು ಕೆಡಿಸುವುದು ಹೇಗೆ ಎಂದು ತಯಾರಕರು ಯೋಚಿಸಿ ಎರಡು ದಾರಿ ಕಂಡುಕೊಂಡರು. ಒಂದು, ಚಾರ್ಜರನ್ನು ಗೋಡೆಯಲ್ಲೇ ಬಿಡುವಂತೆ ಅಂದವಾದ ಸ್ಟ್ಯಾಂಡ್ ಕೊಟ್ಟರು. ಬರೀ 0.1 ವಾಟ್ ಎಳೆಯುತ್ತಾ ಕೂತರೂ ವರ್ಷಕ್ಕೆ 0.88 ಯೂನಿಟ್ ಆಗುತ್ತದೆ. ಶೇವ್ ಮಾಡಿದ್ದಕ್ಕಿಂತ ಸುಮ್ಮನಿದ್ದದ್ದಕ್ಕೇ ಆರು ಪಟ್ಟು ಬಿಲ್ಲು. ಎರಡು, ಬ್ಯಾಟರಿಯನ್ನು ಬೆಸುಗೆ ಹಾಕಿ ಒಳಗೇ ಮುಚ್ಚಿಬಿಟ್ಟರು. ಮೋಟಾರು, ಕಟ್ಟರ್ ಎಲ್ಲ ಗಟ್ಟಿಯಾಗಿರುವಾಗ ಬ್ಯಾಟರಿ ಸೊರಗುತ್ತದೆ, ಅದಕ್ಕಾಗಿ ಇಡೀ ಯಂತ್ರ ಕಸವಾಗುತ್ತದೆ. ಆ ಕಸದ ಲೀಥಿಯಂ ಬ್ಯಾಟರಿ ಲಾರಿಯಲ್ಲಿ ಜಜ್ಜಿಹೋದರೆ ಬೆಂಕಿ ಹೊತ್ತಿಕೊಳ್ಳುತ್ತದೆ.

ಬ್ಲೇಡು ಮೊಂಡಾಗುವುದು ಯಾಕೆ ಎಂಬುದರ ಮೇಲೂ ಒಂದು ವ್ಯಾಪಾರ ನಿಂತಿದೆ. ತುಕ್ಕೇ ಶತ್ರು ಎಂದು ಒಣಗಿಸುವ ಡಬ್ಬಿ, ಎಣ್ಣೆ, ಅಯಸ್ಕಾಂತದ ಸ್ಟ್ಯಾಂಡ್ ಮಾರುವವರಿದ್ದಾರೆ. 2020ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಶೇವ್ ಮಾಡಿಸಿ ನೋಡಿದರು. ತನಗಿಂತ 50 ಪಟ್ಟು ಮೆದುವಾದ ಕೂದಲಿನಿಂದ ಉಕ್ಕಿನ ಅಂಚು ಚಕ್ಕೆ ಏಳುತ್ತಿತ್ತು. ಉಕ್ಕಿನ ಒಳರಚನೆ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಕೂದಲು ಬಾಗಿ ಓರೆಯಾಗಿ ತಾಗಿದಾಗ, ಗಟ್ಟಿ ಮತ್ತು ಮೆದು ಭಾಗ ಸೇರುವಲ್ಲಿ ಚೂರು ಹಾರುತ್ತದೆ. ಇದಕ್ಕೆ ಡಬ್ಬಿ ಏನೂ ಮಾಡಲಾರದು. ಕೂದಲು ಮೆದುವಾಗಿ, ಸುಲಭದಲ್ಲಿ ಕತ್ತರಿಸಿಕೊಳ್ಳುವಂತೆ ಮಾಡುವುದೊಂದೇ ಉಪಾಯ: ಬೆಚ್ಚಗಿನ ನೀರಿನಲ್ಲಿ ಒಂದೆರಡು ನಿಮಿಷ ನೆನೆಸುವುದು. ಒಣ ಗಡ್ಡಕ್ಕೆ ನೇರ ಬ್ಲೇಡು ಹಚ್ಚುವವರು ಬ್ಲೇಡಿನ ಗುಣಮಟ್ಟವನ್ನು ಬೈಯುವುದು ನಿಂತಿಲ್ಲ. ಇನ್ನು ಜಾರುಪಟ್ಟಿಯ ಬಣ್ಣ ಮಾಸಿದರೆ ತಲೆ ಬದಲಿಸಬೇಕೆಂಬ ಸೂಚನೆ ಇದೆಯಲ್ಲ, ಆ ಬಣ್ಣಕ್ಕೂ ಅಲಗಿನ ಹರಿತಕ್ಕೂ ಸಂಬಂಧವಿಲ್ಲ. ಬಣ್ಣ ನೀರಿಗೆ ಹೋಗುತ್ತದೆ, ಅಷ್ಟೇ.

ಈ ಗದ್ದಲದಲ್ಲಿ ಒಂದು ಹಳೆಯ ವಸ್ತು ಪರಿಸರ ಪ್ರಿಯರ ಕಣ್ಣಿಗೆ ಬಿದ್ದಿದೆ: ಎರಡೂ ಅಂಚು ಹರಿತವಿರುವ ಒಂಟಿ ಬ್ಲೇಡು. ಇದರ ಪೂರ್ವಾಶ್ರಮ ಸ್ವಾರಸ್ಯದ್ದು. ಬಾಟಲಿಯ ತಗಡಿನ ಮುಚ್ಚಳ ಕಂಡುಹಿಡಿದ ವಿಲಿಯಂ ಪೇಂಟರ್, ತನ್ನ ಸೇಲ್ಸ್‌ಮನ್ ಆಗಿದ್ದ ಕಿಂಗ್ ಕ್ಯಾಂಪ್ ಜಿಲೆಟ್‌ಗೆ ಹೇಳಿದ ಬುದ್ಧಿಮಾತೇ ‘ಬಳಸಿ ಎಸೆಯುವಂಥದ್ದೇನನ್ನಾದರೂ ಕಂಡುಹಿಡಿ, ಗಿರಾಕಿ ಮತ್ತೆ ಮತ್ತೆ ಬರುತ್ತಾನೆ’ ಎಂಬುದು. ಆ ಮಾತಿನಂತೆ ಎಸೆಯಲೆಂದೇ ಹುಟ್ಟಿದ ಬ್ಲೇಡು ಇದು. 1903ರಲ್ಲಿ 51 ರೇಜರ್, 168 ಬ್ಲೇಡು ಮಾರಾಟವಾದವು. 1904ರಲ್ಲಿ ಪೇಟೆಂಟ್ ಸಿಕ್ಕಿತು. ಅಂದು ದುಂದಿನ ಸಂಕೇತವಾಗಬೇಕಿದ್ದದ್ದು ಇಂದು ಸಂಯಮದ ಸಂಕೇತ. ಅದು ಬದಲಾಗಲಿಲ್ಲ, ಉಳಿದವು ಅಷ್ಟು ಕೆಟ್ಟವು. ಒಂದು ಬ್ಲೇಡಿನ ತೂಕ ಸುಮಾರು 0.6 ಗ್ರಾಂ. ವಾರಕ್ಕೊಂದರಂತೆ ವರ್ಷಕ್ಕೆ 30 ಗ್ರಾಂ ಚಿಲ್ಲರೆ, ಹೆಚ್ಚುಕಡಿಮೆ ಎಲ್ಲವೂ ಉಕ್ಕು.

ಬಳಸುವುದೂ ಬ್ರಹ್ಮವಿದ್ಯೆಯಲ್ಲ, ಆದರೆ ಕಾರ್ಟ್ರಿಜ್ ಕಲಿಸಿದ ದುರಭ್ಯಾಸ ಬಿಡಬೇಕು. ಬ್ಲೇಡನ್ನು ಅದರ ಗಿಡ್ಡ ಬದಿಗಳಲ್ಲಿ ಹಿಡಿಯಿರಿ. ರೇಜರಿನ ಮೇಲಿನ ಮುಚ್ಚಳ ಬೋರಲಿಟ್ಟು, ಬ್ಲೇಡು ಕೂರಿಸಿ, ತಳದ ತಟ್ಟೆ ಇಟ್ಟು ಹಿಡಿಯನ್ನು ತಿರುಗಿಸಿ ಬಿಗಿ ಮಾಡಿ. ಎರಡೂ ಕಡೆ ಬ್ಲೇಡು ಒಂದೇ ಸಮ ಹೊರಗೆ ಕಾಣಬೇಕು. ಒಂದು ಕಡೆ ಹೆಚ್ಚು ಕಂಡರೆ ಸಡಿಲಿಸಿ ಮತ್ತೆ ಬಿಗಿ ಮಾಡಿ, ಇಲ್ಲವಾದರೆ ಆ ಬದಿ ಕುಯ್ಯುತ್ತದೆ. ಬ್ರಷ್ಷಿಗೆ ಒಂದು ಗ್ರಾಮಿನಷ್ಟು ಸೋಪು ಸಾಕು. ಮುಚ್ಚಳವನ್ನು ಕೆನ್ನೆಗೆ ಚಪ್ಪಟೆಯಾಗಿ ಇಟ್ಟು, ಬ್ಲೇಡು ಕೂದಲಿಗೆ ತಾಗುವವರೆಗೆ ಹಿಡಿಯನ್ನು ನಿಧಾನ ಇಳಿಸಿದರೆ 30 ಡಿಗ್ರಿಯ ಆಸುಪಾಸು ಬರುತ್ತದೆ. ಒತ್ತಬೇಡಿ, ಲೋಹದ ಹಿಡಿಯ ಭಾರವೇ ಸಾಕು. ಕೂದಲು ಬೆಳೆದ ದಿಕ್ಕಿನಲ್ಲಿ ಚಿಕ್ಕ ಚಿಕ್ಕ ಎಳೆತ, ಮತ್ತೆ ನೊರೆ, ಎರಡನೇ ಸಲ ಅಡ್ಡಡ್ಡ. ಒಂದೇ ಅಲಗಾದ್ದರಿಂದ ಮಗ್ಗಿನಲ್ಲಿ ಒಮ್ಮೆ ಅಲ್ಲಾಡಿಸಿದರೆ ಎಲ್ಲ ಬಿಡುತ್ತದೆ. ಎಳೆದಂತಾಗತೊಡಗಿದರೆ ಬ್ಲೇಡು ಬದಲಿಸಿ.

ಹಳೆಯದನ್ನು ಏನು ಮಾಡುವುದು? ಇದಕ್ಕೆ ಮನುಕುಲ ಒಮ್ಮೆ ಕಂಡುಕೊಂಡ ಪರಿಹಾರ ಹೇಳಲೇಬೇಕು. ಕಳೆದ ಶತಮಾನದ ಅಮೆರಿಕದ ಮನೆಗಳಲ್ಲಿ ಸ್ನಾನದ ಕೋಣೆಯ ಔಷಧಿ ಕಪಾಟಿನ ಹಿಂಬದಿಗೆ ಒಂದು ಸೀಳು ಬಿಡುತ್ತಿದ್ದರು. ಅದರಲ್ಲಿ ತೂರಿಸಿದ ಬ್ಲೇಡು ಗೋಡೆಯೊಳಗಿನ ಪೊಳ್ಳಿಗೆ ಬೀಳುತ್ತಿತ್ತು. ತುಂಬಿದರೆ? ಅಷ್ಟರೊಳಗೆ ಮನೆ ಬೇರೆಯವರದಾಗಿರುತ್ತದೆ. ಇಂದಿಗೂ ಗೋಡೆ ಒಡೆಯುವ ಕೆಲಸಗಾರರ ಕಾಲ ಬುಡಕ್ಕೆ ಇವು ಸುರಿಯುತ್ತವೆ. ಸರಿಯಾದ ಕ್ರಮ ಇಷ್ಟೇ: ತಗಡಿನ ಡಬ್ಬಿಯ ಮುಚ್ಚಳಕ್ಕೆ ಬ್ಲೇಡು ತೂರುವಷ್ಟು ಸೀಳು ಮಾಡಿ ತುಂಬಿಸುತ್ತಾ ಹೋಗಿ, ತುಂಬಿದ ಮೇಲೆ ಸೀಳನ್ನು ಜಜ್ಜಿ ಮುಚ್ಚಿ ಗುಜರಿಗೆ ಕೊಡಿ. ಡಬ್ಬಿಯೂ ಉಕ್ಕು, ಒಳಗಿನದೂ ಉಕ್ಕು. ವಾರಕ್ಕೊಂದು ಬ್ಲೇಡಿನ ಲೆಕ್ಕದಲ್ಲಿ ಡಬ್ಬಿ ತುಂಬಲು ವರ್ಷಗಳೇ ಹಿಡಿಯುತ್ತವೆ, ಇದರಲ್ಲಿ ಯಾರಿಗೂ ಲಾಭವಿಲ್ಲ.

ಲಾಭವಿರುವ ಭವಿಷ್ಯ ಬೇರೆಯೇ ಇದೆ. 2015ರಲ್ಲಿ ಲೇಸರ್ ರೇಜರ್ ಬರುತ್ತದೆಂದು ಜನ ಇಂಟರ್ನೆಟ್ಟಿನ ಹಣ ಕೂಡಿಸುವ ತಾಣವೊಂದರಲ್ಲಿ 40 ಲಕ್ಷ ಡಾಲರಿಗೂ ಹೆಚ್ಚು ಹಣದ ಭರವಸೆ ಕೊಟ್ಟರು. ಕೆಲಸ ಮಾಡುವ ಮಾದರಿಯೇ ಇಲ್ಲವೆಂದು ಆ ತಾಣ ಅದನ್ನು ನಿಲ್ಲಿಸಿತು. ಕಸ ಹುಟ್ಟಿಸದ ಏಕೈಕ ರೇಜರ್ ಎಂಬ ಬಿರುದು ಅದಕ್ಕೇ ಸಲ್ಲಬೇಕು. 2019ರಲ್ಲಿ ಬಿಸಿ ರೇಜರ್ ಬಂತು: ತಲೆಯಲ್ಲಿ 50 ಡಿಗ್ರಿಯವರೆಗೆ ಕಾಯುವ ಲೋಹದ ಪಟ್ಟಿ, ಹಿಡಿಯಲ್ಲಿ ಲೀಥಿಯಂ ಬ್ಯಾಟರಿ, ಚಾರ್ಜ್ ಮಾಡಲು ಪ್ರತ್ಯೇಕ ಪೀಠ. ಬಿಸಿನೀರಿನ ಪಕ್ಕದಲ್ಲಿ ನಿಂತು ಬಳಸುವ ವಸ್ತುವನ್ನು ಬಿಸಿ ಮಾಡಲು ಇಷ್ಟು ಏರ್ಪಾಡು. ಮುಂದೆ ಒಂದು ಆ್ಯಪ್ ಬಂದು ‘ಇಂದು ನೀವು ಮೂರು ಗ್ರಾಂ ಇಂಗಾಲ ಉಳಿಸಿದಿರಿ’ ಎಂದು ಬೆನ್ನು ತಟ್ಟೀತು. ಇದನ್ನು ಬರೆಯಬಾರದಿತ್ತು, ಯಾರಾದರೂ ಓದಿರುತ್ತಾರೆ.

ಒಂಟಿ ಬ್ಲೇಡಿಗೆ ಬದಲಾದವರಿಗೆ ವಿಮಾನ ನಿಲ್ದಾಣದಲ್ಲಿ ಇನ್ನೊಂದು ಮರ್ಯಾದೆ ಕಾದಿದೆ. ಕೈಚೀಲದಲ್ಲಿ ಏಳು ಅಲಗಿನ ಕಾರ್ಟ್ರಿಜ್ ಇದ್ದರೆ ಸಾಮಾನ್ಯವಾಗಿ ಬಿಡುತ್ತಾರೆ, 0.6 ಗ್ರಾಮಿನ ಬಿಡಿ ಬ್ಲೇಡು ಕಂಡರೆ ತೆಗೆದು ಕಸದ ಬುಟ್ಟಿಗೆ ಹಾಕುತ್ತಾರೆ. ಬರಿಯ ಹಿಡಿಯನ್ನು ಒಯ್ಯಬಹುದು. ಬ್ಲೇಡನ್ನು ಲಗೇಜಿಗೆ ಹಾಕಿ, ಇಲ್ಲವೇ ಇಳಿದ ಊರಲ್ಲಿ ಕೊಳ್ಳಿ. ಅಲ್ಲಿನ ಅಂಗಡಿಯಲ್ಲಿ ಕೇಳಿದರೆ ಏಳು ಅಲಗಿನದು ತೋರಿಸುತ್ತಾರೆ, ಹಿಡಿ ಬಿದಿರಿನದು.